ಕರ್ಪೂರಕ್ಕೆ ಮೊದಲು ಬಿಪಿ ರೂಮು

ನನಗೆ ನಮ್ಮ ಅತ್ತೆಯನ್ನು ಹೊಗಳಿ ಅಭ್ಯಾಸವಿಲ್ಲ. ಮದುವೆಯಾಗಿ ನೆಲಮಂಗಲದ ಕಡೆಯಿಂದ ಆವತಿ ಹತ್ತಿರದ ಈ ಹಳ್ಳಿಗೆ ಬಂದ ಮೊದಲ ವಾರದಲ್ಲೇ ನನ್ನ ಸಾರಿಗೆ ಹುಳಿ ಜಾಸ್ತಿ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದವರು ಅವರು. ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ. ಪಕ್ಕದೂರಿನ ಸರ್ಕಾರಿ ಶಾಲೆಯ ಮೇಡಂ ನಾನು. ದಿನವೆಲ್ಲ ಮಕ್ಕಳ ಮುಂದೆ ಗಂಟಲು ಹರಿದುಕೊಂಡು ಬಂದರೂ ಸಂಜೆ ಅತ್ತೆಗೆಂದು ಸ್ವಲ್ಪ ಗಂಟಲು ಉಳಿದೇ ಇರುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ಕಾಲವೂ ಒಟ್ಟಿಗೇ ನಡೆಯುತ್ತಿದ್ದವು. ಆದರೂ ಅವರ ಬಗ್ಗೆಯೇ ಬರೆಯಲು ಕೂತಿದ್ದೇನೆ, ಏಕೆಂದರೆ ಮುನೇಶ್ವರನಿಗೇ ಸ್ವಲ್ಪ ತಾಳಪ್ಪಾ ಎಂದು ಹೇಳಿದ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಮನೆಯಲ್ಲಿ ಆಗ ನಾಲ್ಕೇ ಜನ. ಅತ್ತೆ, ದೊಡ್ಡಬಳ್ಳಾಪುರದ ಕಾರ್ಖಾನೆಗೆ ಹೋಗಿಬರುತ್ತಿದ್ದ ನನ್ನ ಗಂಡ, ನಾನು, ನನ್ನ ಮೈದುನ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮೈದುನನಿಗೆ ಇನ್ನೂ ಮದುವೆಯಾಗಿರಲಿಲ್ಲ. ದ್ರಾಕ್ಷಿ ತೋಟ ಅವನ ಪಾಲಿನ ಕೆಲಸ. ದ್ರಾಕ್ಷಿ ಬೆಳೆಯದವರಿಗೆ ಇದು ಗೊತ್ತಿರಲಿಕ್ಕಿಲ್ಲ, ಹಣ್ಣಿನ ಹಣೆಬರಹ ಇರುವುದು ಕತ್ತರಿಯಲ್ಲಿ. ಫಸಲು ಮುಗಿದ ಮೇಲೆ ಚಪ್ಪರದ ಕಡ್ಡಿಗಳನ್ನು ಸವರಬೇಕು. ಒಂದೊಂದು ಕಡ್ಡಿಯಲ್ಲೂ ಚಿಗುರೊಡೆಯುವ ಕಣ್ಣು ಎಷ್ಟು ಬಿಡಬೇಕೆಂದು ನೋಡಿದ ತಕ್ಷಣ ಹೊಳೆಯಬೇಕು. ಜಾಸ್ತಿ ಬಿಟ್ಟರೆ ಬರೀ ಎಲೆ, ಕಡಿಮೆ ಬಿಟ್ಟರೆ ಗೊಂಚಲೇ ಇಲ್ಲ. ಮೈದುನ ಕತ್ತರಿ ಹಿಡಿದು ಚಪ್ಪರದ ಕೆಳಗೆ ನಡೆದುಕೊಂಡು ಹೋದನೆಂದರೆ ಹಿಂದೆ ಬಿದ್ದ ಕಡ್ಡಿ ಆಯಲು ನಮಗೆ ಕೈ ಸಾಲುತ್ತಿರಲಿಲ್ಲ. ಜೊತೆಗೆ ಬಾಯಿ ಬೇರೆ. ಅತ್ತಿಗೆ, ಶಾಲೆ ಮಕ್ಕಳನ್ನೂ ಹೀಗೇ ಸವರುತ್ತೀರಾ ಎಂದು ನನ್ನನ್ನು ರೇಗಿಸುತ್ತಿದ್ದ. ಬೇರೆ ತೋಟದವರೂ ಅವನನ್ನು ಕರೆದುಕೊಂಡು ಹೋಗಿ ಸವರಿಸುತ್ತಿದ್ದರು.

ಅದು ಏರ್‌ಪೋರ್ಟ್ ಬರುತ್ತಿದ್ದ ಕಾಲ. ಮೊದಲು ಅಳತೆಯವರು ಬಂದರು, ಆಮೇಲೆ ಕಲ್ಲು ನೆಟ್ಟರು, ಆಮೇಲೆ ಟಿಪ್ಪರುಗಳು ಬಂದವು. ನಮ್ಮ ತೋಟದ ಒಂದು ಪಾಲು ರಸ್ತೆಗೆ ಹೋಯಿತು. ಉಳಿದ ಚಪ್ಪರದ ಮೇಲೆ ಕೆಂಪು ಧೂಳು ಕೂತು ಹಸಿರು ಯಾವುದು, ಒಣಗಿದ್ದು ಯಾವುದು ಎಂದೇ ತಿಳಿಯದಂತಾಯಿತು. ಊರಿನ ಹುಡುಗರೆಲ್ಲ ಸ್ಟೀರಿಂಗ್ ಹಿಡಿದರು, ಮೈದುನನೂ ಹಿಡಿದ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ಮೈಕೈ ನೋವಿಗೆಂದು ಡ್ರೈವರುಗಳು ಕೂತು ಎಣ್ಣೆ ಹಾಕುತ್ತಿದ್ದರು. ವಿಮಾನ ಹಾರಲು ಶುರುವಾದ ಮೇಲೆ ಟಿಪ್ಪರುಗಳು ಬೇರೆ ಕಡೆಗೆ ಹೋದವು, ಮೈಕೈ ನೋವೂ ಹೋಗಿರಬೇಕು. ಎಣ್ಣೆ ಮಾತ್ರ ನಮ್ಮ ಮನೆಗೆ ಬಂತು.

ಕುಡಿದು ಅವನು ಯಾರ ಮೇಲೂ ಕೈ ಮಾಡಿದವನಲ್ಲ, ಬೈದವನೂ ಅಲ್ಲ. ಸುಮ್ಮನೆ ಬಂದು ಕೊಟ್ಟಿಗೆಯ ಜಗಲಿಯ ಮೇಲೆ ಮಲಗುತ್ತಿದ್ದ. ಬೆಳಿಗ್ಗೆ ಎದ್ದರೆ ಕೈ ನಡುಗುತ್ತಿತ್ತು. ಆ ನಡುಕ ನಿಲ್ಲಲು ಬೆಳಿಗ್ಗೆಯೇ ಸ್ವಲ್ಪ ಬೇಕಾಗುತ್ತಿತ್ತು. ಒಂದು ವರ್ಷ ಆ ಕೈಯಲ್ಲಿ ಸವರಿದ ಚಪ್ಪರ ಬರೀ ಎಲೆ ಬಿಟ್ಟಿತು. ಅವತ್ತು ಅವನು ಚಪ್ಪರದ ಕೆಳಗೆ ನಿಂತು ಮೇಲೆ ನೋಡುತ್ತಲೇ ಇದ್ದ.

ಕುಡಿತ ಬಿಡಿಸಲು ನಮ್ಮ ಕಡೆ ಇದ್ದದ್ದು ಒಂದೇ ದಾರಿ. ಕೆರೆ ಏರಿಯ ಮೇಲೆ ಬೇವಿನ ಮರದ ಕೆಳಗೆ ಮುನೇಶ್ವರನ ಕಲ್ಲಿದೆ. ಕುಡಿಯುವವನಿಗೆ ತಲೆಗೆ ನೀರು ಹಾಕಿಸಿ, ಒದ್ದೆ ಪಂಚೆಯಲ್ಲೇ ಕಲ್ಲಿನ ಮುಂದೆ ನಿಲ್ಲಿಸುತ್ತಾರೆ. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಹಿಡಿಯುತ್ತಾರೆ. ಇನ್ನು ಮುಟ್ಟುವುದಿಲ್ಲ ಎಂದು ಹೇಳಿ, ಉರಿಯುವ ಕರ್ಪೂರವನ್ನು ಅಂಗೈಯಿಂದ ಅಮುಕಿ ಆರಿಸಬೇಕು. ಹಾಗೆ ಆರಿಸಿ ಕೊಟ್ಟ ಮಾತು ತಪ್ಪಿದರೆ ಮುನೇಶ್ವರ ಬಿಡುವುದಿಲ್ಲ, ಮೂರನೆಯ ದಿನದೊಳಗೆ ಹಿಡಿದುಕೊಳ್ಳುತ್ತಾನೆ ಎಂದು ನಂಬಿಕೆ. ಹಿಡಿದುಕೊಂಡಿದ್ದನ್ನು ಊರಿನಲ್ಲಿ ಎಲ್ಲರೂ ಕಣ್ಣಾರೆ ನೋಡಿದ್ದರು. ಕೈಕಾಲು ನಡುಗುವುದು, ಇಲ್ಲದ್ದನ್ನು ಕಾಣುವುದು, ಬಾಯಲ್ಲಿ ನೊರೆ ಬಂದು ಬೀಳುವುದು. ಕದ್ದು ಕುಡಿದಿದ್ದಾನೆ, ಅದಕ್ಕೇ ಸ್ವಾಮಿ ಹಿಡಿದಿದ್ದಾನೆ ಎಂದುಬಿಡುತ್ತಿದ್ದರು. ಒಂದು ಸಲ ಹೀಗಾದವನಿಗೆ ಎರಡನೆಯ ಸಲ ಕರ್ಪೂರ ಇಲ್ಲ. ಆಣೆ ಮುರಿದವನು ಎಂಬ ಹೆಸರು ಹೊತ್ತುಕೊಂಡು ಸಾಯುವ ತನಕ ಕುಡಿಯುವುದೊಂದೇ ಅವನಿಗೆ ಉಳಿಯುತ್ತಿತ್ತು.

ಮೈದುನನನ್ನು ಏರಿಗೆ ಕರೆದುಕೊಂಡು ಹೋದವರು ಅತ್ತೆಯೇ. ಬಲವಂತ ಮಾಡಿರಲಿಲ್ಲ, ಅವನೂ ಮನಸಾರೆ ಒಪ್ಪಿ ಹೋಗಿದ್ದ. ನಾನು ನೋಡುತ್ತಿದ್ದೆ, ಕರ್ಪೂರದ ಮೇಲೆ ಅಂಗೈ ಇಟ್ಟವನು ಆರಿದ ಮೇಲೂ ಕೈ ತೆಗೆಯಲಿಲ್ಲ. ಮನೆಗೆ ಬಂದು ಎರಡು ಮುದ್ದೆ ಉಂಡ. ಮಾರನೆಯ ದಿನ ಬೆವರುತ್ತಿದ್ದ, ಆದರೂ ಕೊಟ್ಟಿಗೆ ಗುಡಿಸಿದ. ಅತ್ತೆಯ ಮುಖದಲ್ಲಿ ನಾನು ಬಂದ ಮೇಲೆ ಕಾಣದಿದ್ದ ಒಂದು ಕಳೆ ಬಂದಿತ್ತು. ನನ್ನ ಸಾರನ್ನೂ ಚೆನ್ನಾಗಿದೆ ಎಂದರು.

ಮೂರನೆಯ ದಿನ ಮಧ್ಯಾಹ್ನ ಅವನು ಗೋಡೆಯ ಮೇಲೆ ಇರುವೆ ಎಂದು ಒರೆಸತೊಡಗಿದ. ಗೋಡೆಯ ಮೇಲೆ ಏನೂ ಇರಲಿಲ್ಲ. ಆಮೇಲೆ ಟಿಪ್ಪರ್ ರಿವರ್ಸ್ ಬರುತ್ತಿದೆ, ಎಲ್ಲರೂ ಪಕ್ಕಕ್ಕೆ ಹೋಗಿ ಎಂದು ನನ್ನನ್ನೂ ಅತ್ತೆಯನ್ನೂ ತಳ್ಳಿದ. ತಳ್ಳಿದ್ದು ನಮ್ಮನ್ನು ಉಳಿಸಲಿಕ್ಕೆ. ಅಂಗಳಕ್ಕೆ ಓಡಿಹೋಗಿ ಅಲ್ಲೇ ಬಿದ್ದ. ಕೈಕಾಲು ಸೆಟೆದುಕೊಂಡವು. ಊರೆಲ್ಲ ನೆರೆಯಿತು. ಬೆಂಕಿ ಇಲ್ಲದೆ ಹೊಗೆ ಆಡುತ್ತದಾ ಎಂದು ಯಾರೋ ಅಂದರು. ಸ್ವಲ್ಪ ಕುಡಿಸಿ, ಸರಿಹೋಗುತ್ತಾನೆ ಎಂದು ಇನ್ಯಾರೋ ಒಂದು ಕ್ವಾರ್ಟರ್ ತಂದು ಬಾಯಿಗೆ ಹುಯ್ದರು. ಸ್ವಲ್ಪ ಹೊತ್ತಿಗೆ ನಡುಕ ನಿಂತೂಬಿಟ್ಟಿತು. ಕದ್ದು ಕುಡಿದಿದ್ದ ಎನ್ನಲು ಜನಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಕಣ್ಣು ಬಿಟ್ಟ ಮಗನ ತಲೆಯ ಹತ್ತಿರ ಅತ್ತೆ ಕೂತರು. ಕದ್ದು ಕುಡಿದೆಯಾ ಎಂದು ಕೇಳಿದರು.

"ಇಲ್ಲಮ್ಮ. ಒಂದ್ ತೊಟ್ಟೂ ಮುಟ್ಟಿಲ್ಲ."

"ಹಂಗಾರೆ ಮುನೇಶ್ವರ ಸುಳ್ಳು ಹೇಳ್ತಾನೇನೋ? ಸುಳ್ಳು ಹೇಳೋನು ನೀನು."

ಅವನು ಮುಖ ತಿರುಗಿಸಿಕೊಂಡ. ಅವತ್ತಿನಿಂದ ತಾಯಿಯ ಜೊತೆ ಅವನ ಮಾತು ನಿಂತಿತು. ಊಟ ಬೇಕೆಂದರೆ ನನ್ನನ್ನು ಕೇಳುತ್ತಿದ್ದ. ಕೆರೆ ಏರಿಯ ದಾರಿಯನ್ನೂ ಬಿಟ್ಟ. ಬಸ್‌ಸ್ಟಾಪಿಗೆ ಏರಿಯ ಮೇಲೆ ಹೋದರೆ ಹತ್ತಿರ. ಅವನು ಹೊಲ ಸುತ್ತಿ, ಹಳ್ಳ ದಾಟಿ, ದೂರದ ದಾರಿಯಲ್ಲಿ ಹೋಗುತ್ತಿದ್ದ. ಕುಡಿತ ಮೊದಲಿಗಿಂತ ಜಾಸ್ತಿಯಾಯಿತು.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗೋಣ ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೆ. ಅತ್ತೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಹುಚ್ಚಾಸ್ಪತ್ರೆ, ಅಲ್ಲಿಗೆ ಹೋದನೆಂದು ಗೊತ್ತಾದರೆ ಯಾರು ಹೆಣ್ಣು ಕೊಡುತ್ತಾರೆ ಎನ್ನುತ್ತಿದ್ದರು. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ ಎಂಬ ಗಾದೆಯನ್ನು ಯಾರು ಕಟ್ಟಿದರೋ, ನಮ್ಮ ಮನೆಯನ್ನು ನೋಡಿಯೇ ಕಟ್ಟಿದಂತಿತ್ತು. ಕೊನೆಗೆ ನನ್ನ ಗಂಡ ಒಂದು ದಿನ ಕೆಲಸಕ್ಕೆ ರಜೆ ಹಾಕಿ ಅವನನ್ನು ಕರೆದುಕೊಂಡು ಹೋದರು. ಬಸ್ಸು ಬದಲಿಸಿ, ಆಟೋ ಹಿಡಿದು, ಸಾಲಿನಲ್ಲಿ ನಿಂತು ಒಳಗೆ ಹೋದರೆ ಡಾಕ್ಟರು ಒಳ್ಳೆಯವರು, ಚೆನ್ನಾಗಿ ಮಾತಾಡಿಸಿದರಂತೆ. ಮಾತ್ರೆ ಕೊಟ್ಟು ಮುಂದಿನ ವಾರ ತಪ್ಪದೆ ಬನ್ನಿ ಎಂದರು. ಮುಂದಿನ ವಾರ ಜೊತೆಗೆ ಹೋಗಲು ಗಂಡನಿಗೆ ರಜೆ ಸಿಗಲಿಲ್ಲ. ಒಬ್ಬನೇ ಹೊರಟ ಮೈದುನ ಯಲಹಂಕದಲ್ಲಿ ಬಸ್ಸು ಬದಲಿಸಲು ಇಳಿದ. ಬಸ್‌ಸ್ಟಾಪಿನ ಎದುರಿಗೇ ಬಾರ್. ಆಸ್ಪತ್ರೆ ಇನ್ನೂ ಒಂದೂವರೆ ಗಂಟೆ ದೂರ, ಬಾರಿಗೆ ರಸ್ತೆ ದಾಟಿದರೆ ಸಾಕು. ಅವನನ್ನು ಬೈಯಲು ನನಗಂತೂ ಬಾಯಿ ಬರಲಿಲ್ಲ. ಕಾಲು ಮುರಿದವನಿಗೆ ಬೆಟ್ಟದ ಮೇಲೆ ಔಷಧಿ ಇದೆ, ಹತ್ತಿ ಬಾ ಅಂದಂತಿತ್ತು.

ಹೀಗೇ ವರ್ಷಗಳು ಹೋದವು. ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಒಂದು ದಸರಾ ರಜೆಯಲ್ಲಿ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ರಕ್ತ ಕೊಟ್ಟು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆವು. ಎದುರಿನ ಕೋಣೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಒಬ್ಬರೇ ಕೂತಿದ್ದರು. ಎಲ್ಲ ಕೋಣೆಗಳ ಮುಂದೆ ಜಾತ್ರೆಯಂತೆ ಜನ, ಅವರ ಮುಂದೆ ಮಾತ್ರ ಒಂದು ನರಪಿಳ್ಳೆ ಇಲ್ಲ. ಬಾಗಿಲ ಮೇಲೆ ಮಾನಸಿಕ ರೋಗ ವಿಭಾಗ ಎಂದು ದಪ್ಪ ಅಕ್ಷರದ ಬೋರ್ಡ್. ಆ ಬೋರ್ಡಿನ ಕೆಳಗೆ ಹೋಗಿಬರಲು ಯಾರಿಗೆ ಧೈರ್ಯ? ಜಿಲ್ಲೆಯಿಂದ ಮಂಗಳವಾರ ಮಂಗಳವಾರ ಬರುತ್ತಾರೆ, ಸಂಜೆವರೆಗೂ ಕೂತು ಹೋಗುತ್ತಾರೆ ಎಂದು ನರ್ಸ್ ಹೇಳಿದರು.

ಯಾರಾದರೂ ಸುಮ್ಮನೆ ಕೂತಿದ್ದರೆ ಅತ್ತೆಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನಾನು ಬೇಡ ಎನ್ನುವಷ್ಟರಲ್ಲಿ ಎದ್ದು ಒಳಗೆ ಹೋಗಿದ್ದರು. ಏನಮ್ಮಾ, ನಿನ್ನ ಹತ್ತಿರ ಯಾರೂ ಬರಲ್ವಾ, ಏನು ಕಾಯಿಲೆ ನೋಡ್ತೀಯ ನೀನು ಎಂದು ಕೇಳಿದರು. ಡಾಕ್ಟರಮ್ಮ ನಕ್ಕು, ನಿದ್ದೆ ಬರದಿದ್ದವರನ್ನು, ಯಾವಾಗಲೂ ಅಳು ಬರುವವರನ್ನು, ಕುಡಿತ ಬಿಡಲಾಗದವರನ್ನು ನೋಡುತ್ತೇನೆ ಎಂದರು. ಅತ್ತೆ ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಕರ್ಪೂರ, ಮೂರನೆಯ ದಿನ, ಇರುವೆ, ಟಿಪ್ಪರ್, ಎಲ್ಲವನ್ನೂ ಹೇಳಿದರು. ಕದ್ದು ಕುಡಿದು ಸ್ವಾಮಿ ಕೈಗೆ ಸಿಕ್ಕಿಬಿದ್ದ ಎಂದು ಮುಗಿಸಿದರು.

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ವರ್ಷಗಟ್ಟಲೆ ಕುಡಿದ ಮೈ ಅದಕ್ಕೆ ಒಗ್ಗಿಹೋಗಿರುತ್ತದೆ, ಒಂದೇ ಏಟಿಗೆ ನಿಲ್ಲಿಸಿದರೆ ನರಗಳು ರೇಗುತ್ತವೆ, ಎರಡು ಮೂರು ದಿನಕ್ಕೆ ನಡುಕ ಬರುತ್ತದೆ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ, ಕೆಲವರು ಸತ್ತೂ ಹೋಗುತ್ತಾರೆ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಅದಕ್ಕೆ ಮಾತ್ರೆ ಇದೆ, ಇಂಜೆಕ್ಷನ್ ಇದೆ, ಒಂದು ವಾರ ಆಸ್ಪತ್ರೆಯಲ್ಲಿ ಇಟ್ಟುಕೊಂಡು ದಾಟಿಸಬಹುದು ಎಂದರು. ಆಮೇಲೆ ಅತ್ತೆಯ ಕಡೆ ಬಾಗಿ ಒಂದು ಮಾತು ಹೇಳಿದರು.

"ಕದ್ದು ಕುಡಿಯೋರಿಗೆ ಹೀಗಾಗಲ್ಲ ಅಜ್ಜಿ. ನಿಜವಾಗ್ಲೂ ಬಿಟ್ಟೋರಿಗೇ ಆಗೋದು."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು.

"ಹಂಗಾರೆ ನನ್ ಮಗ ನಿಜ ಹೇಳಿದ್ನಾ?"

ಹೌದು ಎಂದರು ಡಾಕ್ಟರಮ್ಮ. ಸಕ್ಕರೆಯ ರಿಪೋರ್ಟು ತೆಗೆದುಕೊಳ್ಳುವುದನ್ನೇ ಮರೆತು ನಾವು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಅಳುತ್ತಿದ್ದಾರೆಂದು ಗೊತ್ತಿತ್ತು, ನಾನು ನೋಡದವಳ ಹಾಗೆ ಇದ್ದೆ. ಅವರ ಮೇಲೆ ನನಗಿದ್ದ ನೂರು ಸಿಟ್ಟು ಆ ಬಸ್ಸಿನಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಾಪ ಅನ್ನಿಸಿತು.

ಮೈದುನ ಜಗಲಿಯ ಮೇಲೆ ಕೂತಿದ್ದ. ಅತ್ತೆ ಕಾಲು ಕೂಡ ತೊಳೆಯದೆ ಅವನ ಮುಂದೆ ಹೋಗಿ ನಿಂತರು. "ನೀನು ಅವತ್ತು ಕುಡ್ದಿರ್ಲಿಲ್ಲ ಕಣಪ್ಪ. ನಂಗೆ ಇವತ್ತು ಗೊತ್ತಾಯ್ತು" ಎಂದರು. ಅಷ್ಟೇ. ಅವನು ತಲೆ ಎತ್ತಿ ತಾಯಿಯನ್ನು ನೋಡಿದ. ಆಮೇಲೆ ಮೊಣಕಾಲಿಗೆ ಹಣೆ ಹಚ್ಚಿ ಚಿಕ್ಕ ಮಕ್ಕಳಂತೆ ಅತ್ತ. ಮುಂದಿನ ಮಂಗಳವಾರ ಆಸ್ಪತ್ರೆಗೆ ಸೇರುತ್ತೇನೆ ಎಂದು ತಾನಾಗಿ ಹೇಳಿದವನು ಅವನೇ. ಅಲ್ಲಿಯವರೆಗೆ ಒಮ್ಮೆಲೇ ನಿಲ್ಲಿಸಬಾರದು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಅದನ್ನು ಅತ್ತೆ ಎಷ್ಟು ಶಿಸ್ತಾಗಿ ಪಾಲಿಸಿದರೆಂದರೆ, ಮಗನಿಗೆ ಇಷ್ಟು ಸಾಕು, ಇನ್ನು ಮುಚ್ಚಿಡು ಎಂದು ಅವರೇ ಅಳತೆ ಹೇಳುತ್ತಿದ್ದರು. ಹೆತ್ತ ತಾಯಿ ಮಗನಿಗೆ ಎಣ್ಣೆ ಹುಯ್ದು ಕೊಡುತ್ತಿದ್ದಾಳೆ ಎಂದು ಬೀದಿಯಲ್ಲಿ ಆಡಿಕೊಂಡರು. ಅತ್ತೆ ಆ ಬೀದಿಗೆ ಏನು ಉತ್ತರ ಕೊಟ್ಟರು ಎಂಬುದನ್ನು ಶಾಲೆಯ ಮೇಡಂ ಆದ ನಾನು ಬರೆಯುವಂತಿಲ್ಲ.

ಆ ವಾರದಲ್ಲೇ ಅವರು ಪೂಜಾರಿಯ ಮನೆಗೆ ಹೋದರು, ನನ್ನನ್ನೂ ಎಳೆದುಕೊಂಡು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾನು ದಾರಿಯಲ್ಲಿ ನೆನಪಿಸಿದೆ. ಅತ್ತೆ ನನ್ನ ಕಡೆ ಒಂದು ಸಲ ನೋಡಿ ಮುಂದೆ ನಡೆದರು. ಪೂಜಾರಿ ಅತ್ತೆಗಿಂತ ಹಿರಿಯರು, ಹಲ್ಲಿಲ್ಲದ ಬಾಯಿ, ಮೆತ್ತನೆಯ ಮಾತು. ಇನ್ನು ಮುಂದೆ ಯಾರಾದರೂ ಆಣೆಗೆ ಬಂದರೆ ಅವರನ್ನು ಮೊದಲು ಡಾಕ್ಟರ ಹತ್ತಿರ ಕಳಿಸಬೇಕು, ಗುಣವಾದ ಮೇಲೆ ಕರ್ಪೂರ ಹಚ್ಚಬೇಕು ಎಂದು ಅತ್ತೆ ಕೇಳಿದರು. ಹಾಗಾದರೆ ಸ್ವಾಮಿಗೆ ಶಕ್ತಿ ಇಲ್ಲ ಅಂತ ಜನ ಅಂದುಕೊಳ್ಳಲ್ವಾ ಎಂದು ಪೂಜಾರಿ ಕೇಳಿದ್ದಕ್ಕೆ, ಕಲ್ಲಾಗಿ ಇಷ್ಟು ಕಾಲ ಕೂತಿರುವವನಿಗೆ ಇನ್ನೊಂದು ತಿಂಗಳು ಕಾಯಲು ಏನು ಕಷ್ಟ, ಸ್ವಲ್ಪ ತಾಳಪ್ಪಾ ಎಂದು ನಾನೇ ಹೇಳುತ್ತೇನೆ ಎಂದರು ಅತ್ತೆ. ಆಮೇಲೆ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದರು. ನಿಜವಾಗಿ ಬಿಟ್ಟವರಿಗೇ ಹಾಗಾಗುವುದು ಎಂಬ ಮಾತಿಗೆ ಬಂದಾಗ ಪೂಜಾರಿ ಕೈ ಎತ್ತಿ ನಿಲ್ಲಿಸಿದರು. ಅದನ್ನೇ ಇನ್ನೊಂದು ಸಲ ಹೇಳಲು ಹೇಳಿದರು.

ಅವರ ಸ್ವಂತ ತಮ್ಮ ಕರ್ಪೂರ ಆರಿಸಿದ ಮೂರನೆಯ ದಿನವೇ ಸತ್ತಿದ್ದನಂತೆ. ಹಚ್ಚಿ ಹಿಡಿದವರು ಇವರೇ. ತಮ್ಮ ಮೋಸ ಮಾಡಿದ, ತಾನು ಪೂಜೆ ಮಾಡುವ ದೇವರೇ ಅವನನ್ನು ತಿಂದ ಎಂದು ನಂಬಿಕೊಂಡು ಆ ಮನುಷ್ಯ ಅಷ್ಟು ವರ್ಷ ದಿನಾ ಆ ಕಲ್ಲಿಗೆ ನೀರು ಹುಯ್ದಿದ್ದರು.

"ನನ್ ತಮ್ಮ ಅಂಥೋನಲ್ಲ ಅಂತ ನನ್ ಮನ್ಸು ಹೇಳ್ತಾನೇ ಇತ್ತು ತಾಯಿ" ಎಂದರು. ಅತ್ತೆ ಕೇಳಿದ್ದಕ್ಕೆ ಅಲ್ಲೇ ಒಪ್ಪಿದರು. ಗಾದೆ ಹೇಳಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮೈದುನನನ್ನು ತಾಲ್ಲೂಕು ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲೇ ಮಲಗಿಸಿದರು. ಒಂದು ಕಡೆ ಕಾಲು ಮುರಿದವನು, ಇನ್ನೊಂದು ಕಡೆ ಜ್ವರದವನು, ನಡುವೆ ಇವನು. ಹುಚ್ಚಾಸ್ಪತ್ರೆಯೂ ಇಲ್ಲ, ಬೀಗವೂ ಇಲ್ಲ. ಏನು ಕಾಯಿಲೆ ಎಂದು ಪಕ್ಕದವರು ಕೇಳಿದರೆ ನರದ ವೀಕ್‌ನೆಸ್ ಎಂದು ಅತ್ತೆ ಹೇಳುತ್ತಿದ್ದರು, ಅದು ಸುಳ್ಳೂ ಅಲ್ಲ. ಮೂರನೆಯ ದಿನ ಅವರು ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲ. ಮುದ್ದೆ ತಂದರೆ ಮುಟ್ಟಲಿಲ್ಲ. ಕಣ್ಣು ಅವನ ಕೈಯ ಮೇಲೇ. ಡಾಕ್ಟರಮ್ಮ ತಮ್ಮ ದಿನವಲ್ಲದಿದ್ದರೂ ಫೋನ್ ಮಾಡಿ ವಾರ್ಡಿನ ನರ್ಸನ್ನು ವಿಚಾರಿಸುತ್ತಿದ್ದರು. ಮಧ್ಯಾಹ್ನ ಸ್ವಲ್ಪ ಬೆವರಿದ, ಸ್ವಲ್ಪ ನಡುಗಿದ, ಇನ್ನೊಂದು ಮಾತ್ರೆ ಕೊಟ್ಟರು, ಮಲಗಿದ. ಸಂಜೆ ಎದ್ದು ಕಾಫಿ ಕೇಳಿದ. ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದು ಕೆಳಗಿಟ್ಟ, ಒಂದು ಹನಿ ಚೆಲ್ಲಲಿಲ್ಲ. ಅತ್ತೆ ಆ ಖಾಲಿ ಲೋಟ ತೊಳೆದುಕೊಂಡು ಬರುತ್ತೇನೆ ಎಂದು ಹೋಗಿ ನಲ್ಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಎರಡನೆಯ ಸಲ ಇಲ್ಲ ಎಂಬ ಕಟ್ಟನ್ನು ಪೂಜಾರಿಯೇ ಸಡಿಲಿಸಿದ್ದರಿಂದ, ಮನೆಗೆ ಬಂದು ಒಂದು ತಿಂಗಳು ಕಳೆದ ಮೇಲೆ ಕರ್ಪೂರದ ದಿನ ಬಂತು. ಮಂಗಳವಾರಗಳ ಮಾತ್ರೆ ನಡೆದೇ ಇತ್ತು. ಮೈದುನನ ಕಾಲು ಏರಿಯ ಬುಡದಲ್ಲೇ ತಡೆಯಿತು. ಆಣೆ ಮುರಿದವನು ಎಂಬ ಹೆಸರು ಅಷ್ಟು ಬೇಗ ಹೋಗುವುದಿಲ್ಲ. ಅತ್ತೆ ಮುಂದೆ ನಡೆದರು, ಅವನು ಹಿಂದೆ ಬಂದ. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅವನ ಮುಂದೆ ಹಿಡಿದರು. ಅವನು ಕೈ ಮುಂದೆ ಮಾಡುವುದಕ್ಕೆ ಮೊದಲೇ ಅತ್ತೆ ತಮ್ಮ ಅಂಗೈಯನ್ನು ಉರಿಯ ಮೇಲೆ ಇಟ್ಟು ಅಮುಕಿಬಿಟ್ಟರು. "ಇನ್ನು ಮ್ಯಾಲೆ ನನ್ ಮಗ ಹೇಳಿದ್ದನ್ನ ನಂಬ್ತೀನಿ ಸ್ವಾಮಿ" ಎಂದರು.

ಪೂಜಾರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹಾಗಾದರೆ ಹುಡುಗನಿಗೆ ಇನ್ನೊಂದು ಹಚ್ಚಲಾ ಎಂದು ಕೇಳಿದರು.

"ಬ್ಯಾಡ. ಅವನದು ಆಗಿಹೋಗೈತೆ. ಅವತ್ತೇ ಮಾಡಿದ್ದ, ಉಳಿಸ್ಕೊಂಡೂ ಇದ್ದ."

ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಶಾಲೆಯಲ್ಲಿ ಮಾಡಿಯೂ ಇದ್ದೇನೆ. ಆ ಒಂದು ಮಾತಿಗೆ ಸಮನಾದದ್ದು ನೆನಪಿಗೆ ಬರುತ್ತಿಲ್ಲ. ಅತ್ತೆಯ ಅಂಗೈ ಸ್ವಲ್ಪ ಸುಟ್ಟಿತ್ತು. ಮನೆಗೆ ಬಂದು ನಾನು ತೆಂಗಿನೆಣ್ಣೆ ಹಚ್ಚಿದೆ. ಹಚ್ಚಿಸಿಕೊಳ್ಳುತ್ತಲೇ, ಎಣ್ಣೆ ಜಾಸ್ತಿ ಹಾಕಿದೆ, ದಂಡ ಮಾಡ್ತೀಯ ಎಂದು ಬೈದರು.

ಅಲ್ಲಿಗೆ ಅವರು ಸುಮ್ಮನಾಗಬಹುದಿತ್ತು. ಮಗ ಉಳಿದ, ಸಾಕು ಅನ್ನಬಹುದಿತ್ತು. ಆದರೆ ಆ ಖಾಲಿ ಕೋಣೆ ಅವರ ತಲೆಯಿಂದ ಹೋಗಲಿಲ್ಲ. ಒಂದು ಮಂಗಳವಾರ ಡಾಕ್ಟರಮ್ಮನ ಮುಂದೆ ಕೂತು, ಆ ಬೋರ್ಡ್ ತೆಗೆಸು, ಮೇಜಿನ ಮೇಲೆ ಬಿಪಿ ಮಿಷನ್ ಇಟ್ಟುಕೋ, ಯಾರು ಬಂದರೂ ಮೊದಲು ಬಿಪಿ ನೋಡು ಎಂದರು. ಬಿಪಿ ಇದೆ ಎನ್ನಲು ನಮ್ಮ ಕಡೆ ಯಾರಿಗೂ ನಾಚಿಕೆಯಿಲ್ಲ, ಮದುವೆ ಮನೆಯಲ್ಲಿ ಕೂತು ನನಗೆ ನಿನಗಿಂತ ಜಾಸ್ತಿ ಎಂದು ಜಂಬ ಕೊಚ್ಚಿಕೊಳ್ಳುತ್ತಾರೆ. ಡಾಕ್ಟರಮ್ಮನದು ದೊಡ್ಡ ಮನಸ್ಸು. ಬೋರ್ಡ್ ತೆಗೆಸುವುದು ತಮ್ಮ ಕೈಯಲ್ಲಿಲ್ಲ ಎಂದು ಹೇಳಿ, ಅದು ಕಾಣದಂತೆ ಅದರ ಮೇಲೆ ಒಂದು ದೊಡ್ಡ ಕ್ಯಾಲೆಂಡರ್ ನೇತುಹಾಕಿದರು. ಬಿಪಿ ಮಿಷನ್ ಮೇಜಿನ ಮೇಲೆ ಬಂತು. ಬಂದವರಿಗೆಲ್ಲ ನಿಜವಾಗಿಯೂ ಬಿಪಿ ನೋಡುತ್ತಿದ್ದರು, ಪಟ್ಟಿ ಸುತ್ತುತ್ತಾ ಸುತ್ತುತ್ತಾ ನಿದ್ದೆ ಹೇಗೆ ಬರುತ್ತಿದೆ ಎಂದು ಕೇಳುತ್ತಿದ್ದರು. ತೋಳು ಕೊಟ್ಟು ಕೂತ ಮನುಷ್ಯ ಎದ್ದು ಹೋಗುವಂತಿಲ್ಲವಲ್ಲ.

ಬೆಳಿಗ್ಗೆ ಸಂಜೆ ಡೈರಿಯಲ್ಲಿ ಹಾಲು ಹಾಕಲು ಸಾಲು ನಿಂತ ಹೆಂಗಸರಿಗೆ ಅತ್ತೆ ಬಿಪಿ ರೂಮಿನ ಸುದ್ದಿ ಹೇಳುತ್ತಿದ್ದರು. ಏರಿಯ ಮೇಲೆ ಪೂಜಾರಿ ಕೂಡ ಆಣೆಗೆ ಬಂದವರನ್ನು ಹಾಗೇ ನಿಲ್ಲಿಸಿ, ಮೊದಲು ಬಿಪಿ ತೋರಿಸಿಕೊಂಡು ಬಾ, ಬಿಪಿ ಇರುವವರು ಕರ್ಪೂರ ಆರಿಸಬಾರದು ಎನ್ನುತ್ತಿದ್ದರು. ಎಷ್ಟೋ ವರ್ಷದ ಹಿಂದೆ ಆಣೆ ಮುರಿದವರು ಎಂಬ ಹೆಸರು ಹೊತ್ತವರನ್ನು ಮನೆಗೇ ಹೋಗಿ ಕರೆದರು. ನಂದಗುಡಿಯ ಕಡೆಯಿಂದಲೂ ಜನ ಬಂದರು ಎಂದು ಡಾಕ್ಟರಮ್ಮ ಒಮ್ಮೆ ಹೇಳಿದರು. ಎಲ್ಲರೂ ಬಿಟ್ಟರು ಎಂದು ನಾನು ಸುಳ್ಳು ಹೇಳುವುದಿಲ್ಲ. ಬಿಡದವರು ಇದ್ದಾರೆ, ಸತ್ತವರೂ ಇದ್ದಾರೆ. ಆದರೆ ಮೂರನೆಯ ದಿನ ಅಂಗಳದಲ್ಲಿ ಬಿದ್ದು, ಸುಳ್ಳುಗಾರ ಎನ್ನಿಸಿಕೊಂಡು ಸಾಯುವುದು ನಮ್ಮೂರಲ್ಲಿ ನಿಂತಿತು.

ನನ್ನನ್ನೂ ಅವರು ಬಿಡಲಿಲ್ಲ. ಆಮೇಲೊಂದು ವರ್ಷ ನನಗೆ ಮಗುವಾಯಿತು. ಹೆರಿಗೆಯಾಗಿ ತಿಂಗಳುಗಳು ಕಳೆದರೂ ಮಗುವನ್ನು ನೋಡಿದರೆ ನನಗೆ ಅಳು ಬರುತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಒಂದು ದಿನ ಅತ್ತೆ ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು, ಮೇಡಂನೋರೇ, ನಿಮ್ಮ ಬಿಪಿ ಒಂದ್ ಸಲ ತೋರಿಸ್ಕೊಂಡು ಬನ್ನಿ ಎಂದರು. ಹೋದೆ. ಪಟ್ಟಿ ಸುತ್ತಿಸಿಕೊಂಡು ಕೂತೆ. ನನ್ನ ಬಿಪಿಗೆ ಏನೂ ಆಗಿರಲಿಲ್ಲ. ಆರು ತಿಂಗಳಲ್ಲಿ ಮಗುವನ್ನು ಎತ್ತಿಕೊಂಡು ನಗುವಂತಾದೆ. ಈ ಋಣಕ್ಕಾಗಿಯೇ ಅವರ ಬೈಗುಳದಲ್ಲಿ ಅರ್ಧವನ್ನು ಈಗ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ. ಉಳಿದರ್ಧಕ್ಕೆ ಉತ್ತರ ಕೊಡುತ್ತೇನೆ.

ಮೈದುನ ಮತ್ತೆ ಕತ್ತರಿ ಹಿಡಿದ. ಉಳಿದಿದ್ದ ಚಪ್ಪರ ಚಿಕ್ಕದು, ಆದರೆ ಗೊಂಚಲು ತುಂಬಿ ಬಂತು. ಎಲ್ಲ ಸರಿಹೋಯಿತು ಎಂದು ನಾವು ಅಂದುಕೊಂಡಿದ್ದಾಗ ಒಂದು ಮಂಗಳವಾರ ಬೆಳಿಗ್ಗೆ, ಹೊಸಕೋಟೆಯಲ್ಲಿ ಗೆಳೆಯನ ಮದುವೆ ಮುಗಿಸಿಕೊಂಡು ಬಂದವನು ಒಳಗೆ ಬರದೆ ಬಾಗಿಲಲ್ಲೇ ನಿಂತ. ಅತ್ತೆ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ನಾನು ಶಾಲೆಗೆ ಹೊರಡಲು ಚೀಲ ಹಿಡಿದಿದ್ದೆ. ನನ್ನ ಗಂಡ ಆಗತಾನೇ ರಾತ್ರಿ ಪಾಳಿಯಿಂದ ಬಂದು ಕೂತಿದ್ದರು.

"ಅಮ್ಮಾ, ನಿನ್ನೆ ಮದ್ವೇಲಿ ಕುಡ್ದೆ. ಒಂದೇ ಗ್ಲಾಸು. ಆಮೇಲೆ ಮುಟ್ಲಿಲ್ಲ."

ನನ್ನ ಗಂಡ ಒಂದು ನಗೆ ನಕ್ಕರು. ಒಂದೇ ಗ್ಲಾಸಂತೆ ಎಂದರು. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಒಂದು ಎಂದು ಹೇಳುವ ಕುಡುಕರನ್ನು ನಾವು ಎಷ್ಟು ಜನರನ್ನು ನೋಡಿಲ್ಲ? ಮೈದುನನ ಮುಖ ಇಳಿಯಿತು. ಆ ಮುಖವನ್ನು ನಾನು ಮೊದಲೂ ಒಂದು ಸಲ ನೋಡಿದ್ದೆ, ಅದೇ ಅಂಗಳದಲ್ಲಿ. ಇನ್ನೊಂದು ಮಾತು ಬಿದ್ದಿದ್ದರೆ ಅವನು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದ, ಮತ್ತೆ ನಮ್ಮ ಕೈಗೆ ಸಿಗುತ್ತಿರಲಿಲ್ಲ.

ಅತ್ತೆ ಕುಡುಗೋಲು ಕೆಳಗಿಟ್ಟರು. ದೊಡ್ಡ ಮಗನ ಕಡೆ ತಿರುಗಿ, "ಒಂದು ಅಂದ್ನಲ್ಲ, ಒಂದೇ" ಎಂದರು. ಆಮೇಲೆ ಎದ್ದು ಸೆರಗು ಕೊಡವಿಕೊಂಡು ಚಿಕ್ಕವನ ಹತ್ತಿರ ಹೋದರು.

"ನೀನಾಗೇ ಬಂದು ಹೇಳ್ದಲ್ಲ, ಅದೇ ದೊಡ್ದು. ಮುಖ ತೊಳ್ಕೊ. ಇವತ್ತು ಮಂಗ್ಳವಾರ, ಬಿಪಿ ತೋರಿಸ್ಕೊಂಡು ಬರಾಣ."

ಅವನು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಎಷ್ಟು ಹಾಕಿಕೊಂಡರೂ ಕಣ್ಣು ಕೆಂಪಗೇ ಇತ್ತು. ನಾನು ತಂಬಿಟ್ಟಿನ ಡಬ್ಬಿ ಕೊಟ್ಟು ಕಳಿಸಿದೆ, ಆಸ್ಪತ್ರೆಯಲ್ಲಿ ಈಗ ಸಾಲು ಉದ್ದ, ಹೊತ್ತಾಗುತ್ತದೆ. ಬಸ್ಸಿಗೆ ತಡವಾಯಿತು ಎಂದು ಅತ್ತೆ ಮುಂದೆ ಮುಂದೆ, ಅವನು ಹಿಂದೆ. ಕೆರೆ ಏರಿಯ ಮೇಲೆ, ಬೇವಿನ ಮರದ ಮುಂದಿನಿಂದಲೇ ಹೋದರು.